ಹಳೆಯ ತಂತ್ರದ ಆಟ, ಹೊಸ ಲ್ಯಾಪ್‌ಟಾಪ್: ಎಲ್ಲಿ ನಿಂತಿತು ಎಂದು ಮೊದಲು ನೋಡಿ

"ಆಟ ಓಡ್ತಾ ಇಲ್ಲ" ಅನ್ನುವುದು ಡಾಕ್ಟರ ಮುಂದೆ ಕೂತು "ಮೈ ಸರಿ ಇಲ್ಲ" ಅಂದ ಹಾಗೆ. ಜ್ವರವೋ, ಹೊಟ್ಟೆನೋವೋ, ಕಾಲು ಉಳುಕಿದ್ದೋ ಗೊತ್ತಾಗದೆ ಮದ್ದು ಕೊಡಲು ಬರುವುದಿಲ್ಲ. 1996ರ ರೆಡ್ ಅಲರ್ಟ್, 1997ರ ಏಜ್ ಆಫ್ ಎಂಪೈರ್ಸ್, 1998ರ ಸೀಸರ್ 3, 1999ರ ಹೀರೋಸ್ ಆಫ್ ಮೈಟ್ ಆ್ಯಂಡ್ ಮ್ಯಾಜಿಕ್ 3 ಇಂದಿನ ವಿಂಡೋಸ್‌ನಲ್ಲಿ ಮುಗ್ಗರಿಸಲು ಕಾರಣಗಳು ಬೆರಳೆಣಿಕೆಯಷ್ಟೇ. ಡಿಸ್ಕ್ ಓದುವುದಿಲ್ಲ, ಇನ್‌ಸ್ಟಾಲರ್ ತೆರೆಯುವುದಿಲ್ಲ, ಡಿಸ್ಕ್ ಇದ್ದರೂ ಆಟ ಒಪ್ಪುವುದಿಲ್ಲ, ಬಣ್ಣ ಕೆಡುತ್ತದೆ, ವೇಗ ತಪ್ಪುತ್ತದೆ, ಪಕ್ಕದ ಕಂಪ್ಯೂಟರ್ ಕಾಣಿಸುವುದಿಲ್ಲ. ಇಷ್ಟರಲ್ಲಿ ಯಾವುದು ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಅದಕ್ಕೆ ಬೇಕಾದ ಒಂದೇ ಮದ್ದು ಹಾಕಿ, ಮತ್ತೆ ಓಡಿಸಿ ನೋಡಿ. ಐದು ಪ್ಯಾಚ್ (ಆಟದ ದೋಷ ತಿದ್ದುವ ಫೈಲ್) ಒಟ್ಟಿಗೆ ಸುರಿದರೆ ಯಾವುದು ಗುಣ ಮಾಡಿತು, ಯಾವುದು ಹೊಸ ರೋಗ ತಂದಿತು ಎಂದು ತಿಳಿಯುವುದೇ ಇಲ್ಲ.

ಮಳೆ ಹಿಡಿಯುವ ಮೊದಲು ಡಿಸ್ಕಿನ ಪ್ರತಿ

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಮೊದಲ ಶತ್ರು ವಿಂಡೋಸ್ ಅಲ್ಲ, ತೇವ. ಕಾರವಾರ, ಅಂಕೋಲಾ, ಹೊನ್ನಾವರದಲ್ಲಿ ಉಪ್ಪುಗಾಳಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದ ಶೀತ. ಮೆತ್ತಿನ ಮೇಲೆ, ಕಪಾಟಿನ ತಳದಲ್ಲಿ ಇಟ್ಟ ಸಿಡಿಗೆ ಬೂಷ್ಟು ಹಿಡಿಯಲು ಒಂದೇ ಮಳೆಗಾಲ ಸಾಕು. ಹಾಗಾಗಿ ಆಟ ಓಡಿಸುವ ಚಿಂತೆಗಿಂತ ಮುಂಚೆ ಡಿಸ್ಕಿನಲ್ಲಿ ಇರುವುದನ್ನು ಪೂರ್ತಿ ಎತ್ತಿಡಬೇಕು. ಈ ಕೆಲಸಕ್ಕೆ ಬೇಸಿಗೆಯೇ ಸರಿಯಾದ ಕಾಲ.

ಸಿಡಿ ಹೇಗೆ ಕಟ್ಟಿದ್ದಾರೆ ಎಂದು ತಿಳಿದರೆ ತೊಳೆಯುವಾಗ ತಪ್ಪು ಆಗುವುದಿಲ್ಲ. 1.2 ಮಿ.ಮೀ. ದಪ್ಪದ ಪಾರದರ್ಶಕ ಪ್ಲಾಸ್ಟಿಕ್ ಕೆಳಗೆ. ಅದರ ಬೆನ್ನಿಗೆ ಅಲ್ಯೂಮಿನಿಯಂನ ತೆಳು ಪದರ. ಅದರ ಮೇಲೆ ತೆಳ್ಳನೆಯ ವಾರ್ನಿಶ್, ಅದರ ಮೇಲೆ ಅಚ್ಚು ಹಾಕಿದ ಚಿತ್ರ. ಅಂದರೆ ಮಾಹಿತಿ ಇರುವುದು ಚಿತ್ರದ ಕಡೆಗೇ ಹತ್ತಿರ. ಹೊಳೆಯುವ ಕಡೆ ಗೀರು ಇದ್ದರೂ ಎಷ್ಟೋ ಸಲ ಓದಲು ಬರುತ್ತದೆ, ಚಿತ್ರದ ಕಡೆ ಆದ ಗೀರು ಅಲ್ಯೂಮಿನಿಯಂ ಅನ್ನೇ ಕಿತ್ತುಬಿಡುತ್ತದೆ. ಹಳೆಯ ಕಾಗದದ ಸ್ಟಿಕ್ಕರ್ ಅಂಟಿದ್ದರೆ ಕೀಳಲು ಹೋಗಬೇಡಿ. ಡಿವಿಡಿಯಲ್ಲಿ ಈ ಪದರ ಎರಡು ಪ್ಲಾಸ್ಟಿಕ್ ತಟ್ಟೆಗಳ ನಡುವೆ ಇರುವುದರಿಂದ ಅಷ್ಟು ಭಯವಿಲ್ಲ.

ಬೂಷ್ಟು ಹಿಡಿದ ಡಿಸ್ಕನ್ನು ಶುದ್ಧ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ, ಹೊಳೆಯುವ ಕಡೆ ಮಾತ್ರ ಬೆರಳ ತುದಿಯಿಂದ ಮೆತ್ತಗೆ ತೊಳೆಯಿರಿ. ಕೊನೆಗೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನಲ್ಲಿ ಒಮ್ಮೆ ಅದ್ದಿದರೆ ಕಲೆ ಉಳಿಯುವುದಿಲ್ಲ. ಒರೆಸುವುದು ಮಧ್ಯದಿಂದ ಅಂಚಿಗೆ ನೇರವಾಗಿ. ಸುತ್ತಲೂ ತಿರುಗಿಸಿ ಒರೆಸಿದರೆ ಗೀರು ಮಾಹಿತಿಯ ಸಾಲಿನ ಉದ್ದಕ್ಕೇ ಬೀಳುತ್ತದೆ, ಆಗ ಡ್ರೈವಿನ ತಪ್ಪು ತಿದ್ದುವ ಲೆಕ್ಕಾಚಾರಕ್ಕೆ ಹಿಡಿತ ಸಿಗುವುದಿಲ್ಲ. ಟೂತ್‌ಪೇಸ್ಟ್ ಬೇಡ, ಬಿಸಿಲಲ್ಲಿ ಒಣಗಿಸುವುದು ಬೇಡ. ಫ್ಯಾನ್ ಕೆಳಗೆ ನಿಲ್ಲಿಸಿಟ್ಟರೆ ಸಾಕು.

ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಡ್ರೈವ್ ಇಲ್ಲ. ಯುಎಸ್‌ಬಿ ಡಿವಿಡಿ ಡ್ರೈವ್ ಒಂದು ಬೇಕು. ಅದನ್ನು ನೇರವಾಗಿ ಲ್ಯಾಪ್‌ಟಾಪ್‌ನ ಪೋರ್ಟಿಗೇ ಚುಚ್ಚಿ. ಹಬ್ ಮೂಲಕ ಹಾಕಿದರೆ ಕರೆಂಟ್ ಸಾಲದೆ, ಡಿಸ್ಕ್ ತಿರುಗಲು ಶುರುಮಾಡಿ ನಿಂತು ಹೋಗುತ್ತದೆ. ಅದನ್ನು ಡಿಸ್ಕ್ ಕೆಟ್ಟಿದೆ ಎಂದು ತಿಳಿಯುವವರು ಬಹಳ. ವಿಂಡೋಸ್‌ನಲ್ಲಿ ಇಮ್‌ಗ್‌ಬರ್ನ್ ಎಂಬ ಉಚಿತ ಪ್ರೋಗ್ರಾಂ ತೆರೆದು, ಡಿಸ್ಕಿನಿಂದ ಇಮೇಜ್ ಫೈಲ್ (ಡಿಸ್ಕಿನ ಪ್ರತಿ) ಮಾಡುವ ಆಯ್ಕೆ ಒತ್ತಿ, ಓದುವ ವೇಗವನ್ನು 4 ಅಥವಾ 8 ಪಟ್ಟಿಗೆ ಇಳಿಸಿ. ಅವಸರದ ವೇಗದಲ್ಲಿ ತಪ್ಪು ಜಾಸ್ತಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ಐಎಸ್‌ಒ ಎಂಬ ಮಾದರಿಯ ಇಮೇಜ್ ಫೈಲಿನಲ್ಲಿ ಡೇಟಾ ಟ್ರ್ಯಾಕ್ ಮಾತ್ರ ಉಳಿಯುತ್ತದೆ. 1995ರ ವಾರ್‌ಕ್ರಾಫ್ಟ್ 2, 1997ರ ಟೋಟಲ್ ಆ್ಯನಿಹಿಲೇಶನ್ ಮುಂತಾದವು ಸಂಗೀತವನ್ನು ಕ್ಯಾಸೆಟ್ ಅಂಗಡಿಯ ಹಾಡಿನ ಸಿಡಿಯ ಹಾಗೆಯೇ ಆಡಿಯೋ ಟ್ರ್ಯಾಕ್ ಆಗಿ ಡಿಸ್ಕಿನಲ್ಲಿ ಇಟ್ಟಿದ್ದವು. ಅಂಥ ಡಿಸ್ಕಿಗೆ ಬಿನ್ ಮತ್ತು ಕ್ಯೂ ಎಂಬ ಎರಡು ಫೈಲಿನ ಜೋಡಿಯೇ ಬೇಕು. ಇಮ್‌ಗ್‌ಬರ್ನ್ ಒಂದಕ್ಕಿಂತ ಹೆಚ್ಚು ಟ್ರ್ಯಾಕ್ ಕಂಡರೆ ತಾನೇ ಬಿನ್ ಆರಿಸುತ್ತದೆ. ಅದನ್ನು ಬಲವಂತವಾಗಿ ಐಎಸ್‌ಒ ಮಾಡಬೇಡಿ. "ಆಟ ಬಂತು, ಹಾಡು ಬರಲಿಲ್ಲ" ಎಂಬ ದೂರಿನ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ.

ಡಿಸ್ಕ್ ತೀರಾ ಕೆಟ್ಟಿದ್ದರೆ ಲಿನಕ್ಸ್‌ನ ಜಿಎನ್‌ಯು ಡಿಡಿ-ರೆಸ್ಕ್ಯೂ ಎಂಬ ಪ್ರೋಗ್ರಾಂ ಒಳ್ಳೆಯದು. ಸೆಕ್ಟರ್ ಅಳತೆ 2048 ಎಂದು ಕೊಟ್ಟು, ಮೊದಲ ಸುತ್ತಿನಲ್ಲಿ ಸುಲಭಕ್ಕೆ ಬರುವುದನ್ನೆಲ್ಲ ಎತ್ತಿಕೊಳ್ಳಿ. ಎರಡನೇ ಸುತ್ತಿನಲ್ಲಿ ಬಿಟ್ಟ ಜಾಗಗಳಿಗೆ ಮೂರು ಸಲ ಪ್ರಯತ್ನಿಸಲು ಹೇಳಿ. ಎಲ್ಲೆಲ್ಲಿ ಬಿಟ್ಟಿದೆ ಎಂಬ ಲೆಕ್ಕವನ್ನು ಅದು ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಡುವುದರಿಂದ, ಸ್ನೇಹಿತರ ಮನೆಯ ಬೇರೆ ಡ್ರೈವಿಗೆ ಅದೇ ಡಿಸ್ಕ್ ಹಾಕಿ ಬಿಟ್ಟಲ್ಲಿಂದ ಮುಂದುವರಿಸಬಹುದು. ಒಂದು ಡ್ರೈವ್ ಓದದ ಗೀರನ್ನು ಇನ್ನೊಂದು ಓದುವುದು ಸಾಮಾನ್ಯ. ಆದರೆ ಇದು ಡೇಟಾ ಟ್ರ್ಯಾಕಿಗೆ ಮಾತ್ರ, ಆಡಿಯೋ ಟ್ರ್ಯಾಕಿಗೆ ಅಲ್ಲ.

ಪ್ರತಿ ತೆಗೆದಾದ ಮೇಲೆ ಮೂಲ ಡಿಸ್ಕನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ನೀಲಿ ಹರಳು ಗುಲಾಬಿ ಆದರೆ ಅದು ನೀರು ಕುಡಿದು ತುಂಬಿದೆ ಎಂದರ್ಥ. ಅದನ್ನು ಅಡುಗೆ ಬಾಣಲೆಯಲ್ಲಿ ಹುರಿದು ಒಣಗಿಸಬೇಡಿ, ಆ ನೀಲಿ ಬಣ್ಣದಲ್ಲಿ ಕೋಬಾಲ್ಟ್ ಇರುತ್ತದೆ. ಹೊಸ ಪೊಟ್ಟಣ ಹಾಕಿ.

ಇನ್‌ಸ್ಟಾಲರ್ ತೆರೆಯುವುದೇ ಇಲ್ಲ

ಸೆಟಪ್ ಮೇಲೆ ಎರಡು ಸಲ ಒತ್ತಿದ ಕೂಡಲೇ "ಈ ಆ್ಯಪ್ ನಿಮ್ಮ ಕಂಪ್ಯೂಟರ್‌ನಲ್ಲಿ ಓಡದು" ಎಂಬ ಅರ್ಥದ ಸಂದೇಶ ಬಂದರೆ ಅದು 16 ಬಿಟ್‌ನ, ಅಂದರೆ ಬಹಳ ಹಳೆಯ ವಿಂಡೋಸ್‌ಗೆ ಬರೆದ ಪ್ರೋಗ್ರಾಂ. 64 ಬಿಟ್ ವಿಂಡೋಸ್‌ನಲ್ಲಿ 16 ಬಿಟ್ ಓಡಿಸುವ ಭಾಗವೇ ಇಲ್ಲ, ವಿಂಡೋಸ್ 11 ಅಂತೂ 64 ಬಿಟ್‌ನಲ್ಲಿ ಮಾತ್ರ ಬರುತ್ತದೆ. ಹಾಗಾಗಿ ಕಂಪ್ಯಾಟಿಬಿಲಿಟಿ ಪಟ್ಟಿಯಲ್ಲಿ ವಿಂಡೋಸ್ 95 ಆರಿಸಿದರೂ, ಅಡ್ಮಿನ್ ಆಗಿ ಓಡಿಸಿದರೂ ಪ್ರಯೋಜನವಿಲ್ಲ. ಅಲ್ಲಿ ಸಮಯ ಹಾಳುಮಾಡಬೇಡಿ.

ಆದರೆ ಎದೆಗುಂದಬೇಕಿಲ್ಲ. 1995ರಿಂದ 1998ರ ನಡುವಿನ ಎಷ್ಟೋ ಡಿಸ್ಕುಗಳಲ್ಲಿ ಆಟ 32 ಬಿಟ್, ಇನ್‌ಸ್ಟಾಲರ್ ಮಾತ್ರ 16 ಬಿಟ್. ಆಗ ಮೂರು ದಾರಿ. ಡಿಸ್ಕಿನಲ್ಲಿ ಆಟದ ಫೈಲುಗಳು ಕಟ್ಟು ಕಟ್ಟದೆ ಹಾಗೇ ಇದ್ದರೆ ಇಡೀ ಫೋಲ್ಡರ್ ಕಾಪಿ ಮಾಡಿ, ಆಟದ ಇಎಕ್ಸ್‌ಇ (ಆಟ ಶುರುಮಾಡುವ ಫೈಲ್) ನೇರವಾಗಿ ಓಡಿಸಿ. ಇನ್‌ಸ್ಟಾಲ್‌ಶೀಲ್ಡ್ 3 ಮಾದರಿಯ ಇನ್‌ಸ್ಟಾಲರ್ ಆದರೆ ಅದಕ್ಕೆ 32 ಬಿಟ್‌ನ ಬದಲಿ ಸೆಟಪ್ ಸಿಗುತ್ತದೆ, ಡಿಸ್ಕಿನ ಪ್ರತಿಯ ಫೋಲ್ಡರಿನಲ್ಲಿ ಇಟ್ಟು ಓಡಿಸಿದರೆ ಉಳಿದದ್ದು ತಾನೇ ನಡೆಯುತ್ತದೆ. ಎರಡೂ ಆಗದಿದ್ದರೆ ವೈನ್‌ವಿಡಿಎಂ. ಇದು 64 ಬಿಟ್ ವಿಂಡೋಸ್ ಒಳಗೆ 16 ಬಿಟ್‌ನ ವಿಂಡೋಸ್ ಪ್ರೋಗ್ರಾಂ ಓಡಿಸಿಕೊಡುವ ಉಚಿತ ಸಾಧನ. ಸೆಟಪ್ ಫೈಲನ್ನು ಅದರ ಮೇಲೆ ಎಳೆದು ಬಿಟ್ಟರೆ ಸಾಕು.

1996ರ ಸಿವಿಲೈಸೇಶನ್ 2 ಬೇರೆಯೇ ಕತೆ. ಅದರ ಮೊದಲ ಆವೃತ್ತಿಯಲ್ಲಿ ಆಟವೇ 16 ಬಿಟ್, ವೈನ್‌ವಿಡಿಎಂ ಬೇಕೇ ಬೇಕು. ನಂತರ ಬಂದ ಮಲ್ಟಿಪ್ಲೇಯರ್ ಗೋಲ್ಡ್ ಆವೃತ್ತಿ 32 ಬಿಟ್, ಆದರೆ 64 ಬಿಟ್ ವಿಂಡೋಸ್‌ನಲ್ಲಿ ಹೆಸರು ಬರೆಯುವ ಚೌಕ ಬಂದ ಕ್ಷಣಕ್ಕೆ ಕುಸಿಯುತ್ತದೆ. ಅದೊಂದನ್ನೇ ಸರಿಪಡಿಸುವ ಚಿಕ್ಕ ಪ್ಯಾಚನ್ನು ಅಭಿಮಾನಿಗಳು ಮಾಡಿದ್ದಾರೆ. ನಗರಕ್ಕೆ ಹೆಸರಿಡುವಾಗಲೇ ಆಟ ಮುಚ್ಚಿಹೋದರೆ ಅನುಮಾನವೇ ಬೇಡ, ಇದೇ ಕಾರಣ.

ಎಲ್ಲಿ ಇನ್‌ಸ್ಟಾಲ್ ಮಾಡುತ್ತೀರಿ ಎಂಬುದೂ ಮುಖ್ಯ. ಪ್ರೋಗ್ರಾಂ ಫೈಲ್ಸ್ ಒಳಗೆ ಹಾಕಲೇಬೇಡಿ. ಸಿ ಡ್ರೈವ್ ತೆರೆದ ಕೂಡಲೇ ಕಾಣುವ ಜಾಗದಲ್ಲೇ ಗೇಮ್ಸ್ ಎಂಬ ಫೋಲ್ಡರ್ ಮಾಡಿ ಅಲ್ಲಿ ಇಡಿ. ಹಳೆಯ ಆಟಗಳು ಸೇವ್ ಫೈಲನ್ನು ತಮ್ಮದೇ ಫೋಲ್ಡರಿನಲ್ಲಿ ಬರೆಯುತ್ತವೆ. ಪ್ರೋಗ್ರಾಂ ಫೈಲ್ಸ್‌ನಲ್ಲಿ ಬರೆಯಲು ವಿಂಡೋಸ್ ಬಿಡುವುದಿಲ್ಲ. ಆಟಕ್ಕೆ ಹೇಳದೆಯೇ ಆ ಫೈಲನ್ನು ಆ್ಯಪ್‌ಡೇಟಾ ಒಳಗಿನ ವರ್ಚುವಲ್‌ಸ್ಟೋರ್ ಎಂಬ ಜಾಗಕ್ಕೆ ತಿರುಗಿಸುತ್ತದೆ. ನೀವು ಸೆಟ್ಟಿಂಗ್ ಫೈಲ್ ತಿದ್ದಿದ್ದು ಒಂದು ಕಡೆ, ಆಟ ಓದುವುದು ಇನ್ನೊಂದು ಕಡೆ. "ಎಷ್ಟು ತಿದ್ದಿದರೂ ಬದಲಾಗ್ತಾ ಇಲ್ಲ" ಎನ್ನುವವರು ಮೊದಲು ಆ ಫೋಲ್ಡರ್ ನೋಡಿ.

ಡಿಸ್ಕ್ ಒಳಗಿದ್ದರೂ "ಡಿಸ್ಕ್ ಹಾಕಿ" ಅನ್ನುತ್ತದೆ

1998ರ ನಂತರದ ಹಲವು ಡಿಸ್ಕುಗಳಲ್ಲಿ ಸೇಫ್‌ಡಿಸ್ಕ್ ಎಂಬ ನಕಲು ತಡೆ ಇತ್ತು. ಅದು ವಿಂಡೋಸ್‌ನ ಒಳಗಿನ ಒಂದು ಡ್ರೈವರನ್ನು ನೆಚ್ಚಿಕೊಂಡಿತ್ತು. ಆ ಡ್ರೈವರಿನಲ್ಲಿ ಭದ್ರತೆಯ ತೂತು ಕಂಡ ಕಾರಣ ಮೈಕ್ರೋಸಾಫ್ಟ್ 2015ರ ಸೆಪ್ಟೆಂಬರ್ ಅಪ್‌ಡೇಟಿನಲ್ಲಿ ಹಳೆಯ ವಿಂಡೋಸ್‌ಗಳಲ್ಲಿ ಅದನ್ನು ನಿಲ್ಲಿಸಿತು. ವಿಂಡೋಸ್ 10 ಅದಿಲ್ಲದೆಯೇ ಬಂತು. ಹಾಗಾಗಿ ಅಸಲಿ ಡಿಸ್ಕೇ ಆದರೂ ಆಟ ಒಪ್ಪುವುದಿಲ್ಲ. ಆ ಡ್ರೈವರನ್ನು ಎಲ್ಲಿಂದಲೋ ತಂದು ಮತ್ತೆ ಹಾಕುವುದು ತಪ್ಪು ದಾರಿ, ಮನೆಯ ಹಿಂಬಾಗಿಲು ತೆರೆದಿಟ್ಟು ಮಲಗಿದ ಹಾಗೆ. ಗುರುತಿಲ್ಲದ ತಾಣದ ನೋ-ಸಿಡಿ ಇಎಕ್ಸ್‌ಇ (ಡಿಸ್ಕ್ ಕೇಳದ ಹಾಗೆ ಯಾರೋ ತಿದ್ದಿದ್ದು) ಕೂಡ ಅದೇ ಸಾಲಿನದು, ವೈರಸ್ ಅಂಟಿಸಲು ಅದಕ್ಕಿಂತ ಸುಲಭದ ಗಾಳ ಇಲ್ಲ.

ಸರಿಯಾದ ದಾರಿ ಎಂದರೆ, ತಯಾರಕರೇ ಕೊನೆಗೆ ಕೊಟ್ಟ ಅಧಿಕೃತ ಪ್ಯಾಚ್ ಇದೆಯೇ ನೋಡುವುದು; ಕೆಲವು ಆಟಗಳಲ್ಲಿ ಅದೇ ಡಿಸ್ಕ್ ಪರೀಕ್ಷೆ ತೆಗೆದಿದೆ. ಇಲ್ಲದಿದ್ದರೆ ಜಿಒಜಿ ಅಥವಾ ಸ್ಟೀಮ್ ಎಂಬ ಆನ್‌ಲೈನ್ ಆಟದ ಅಂಗಡಿಯಲ್ಲಿ ಮತ್ತೆ ಕೊಳ್ಳುವುದು. ಇನ್ನೊಂದು ಮಾತು: ಸೇಫ್‌ಡಿಸ್ಕ್ ಇರುವ ಡಿಸ್ಕಿನ ಪ್ರತಿ ತೆಗೆಯುವಾಗ ಆರಂಭದ ಭಾಗದಲ್ಲಿ ಸಾಲುಸಾಲಾಗಿ ಓದಲಾಗದ ಸೆಕ್ಟರ್ ಕಾಣುತ್ತವೆ. ಅವನ್ನು ತಯಾರಕರೇ ಬೇಕೆಂದು ಹಾಕಿದ್ದು. ಡಿಸ್ಕ್ ಕೆಟ್ಟಿತು ಎಂದು ಎಸೆಯಬೇಡಿ.

ಹುಲ್ಲು ನೇರಳೆ, ನೀರು ಕೆಂಪು

ಅತಿ ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲಿ. ಏಜ್ ಆಫ್ ಎಂಪೈರ್ಸ್ ಮೊದಲೆರಡು, ಸ್ಟಾರ್‌ಕ್ರಾಫ್ಟ್, ರೆಡ್ ಅಲರ್ಟ್ ಎಲ್ಲವೂ 8 ಬಿಟ್ ಬಣ್ಣದ ಆಟಗಳು. ಅಂದರೆ ಪರದೆಯ ಪ್ರತಿ ಚುಕ್ಕೆಯೂ "ನನ್ನ ಬಣ್ಣ 137ನೇ ನಂಬರಿನದು" ಎಂದಷ್ಟೇ ಹೇಳುತ್ತದೆ. 137 ಎಂದರೆ ಹಸಿರೋ ಕಂದೋ ಎಂಬುದು 256 ಮನೆಯ ಪ್ರತ್ಯೇಕ ಪಟ್ಟಿಯಲ್ಲಿ ಇರುತ್ತದೆ. ಆ ಪಟ್ಟಿಯನ್ನು ಹಿನ್ನೆಲೆಯಲ್ಲಿರುವ ಬೇರೆ ವಿಂಡೋ ತಿದ್ದಿಬಿಟ್ಟರೆ ಹುಲ್ಲು ನೇರಳೆ, ಸಮುದ್ರ ಕೆಂಪು. ಆಟ ಕೆಟ್ಟಿಲ್ಲ, ಬಣ್ಣದ ಪಟ್ಟಿ ಮಾತ್ರ ಅದಲುಬದಲು. ಹಿಂದೆ ಟಾಸ್ಕ್ ಮ್ಯಾನೇಜರಿನಲ್ಲಿ ಎಕ್ಸ್‌ಪ್ಲೋರರ್ ಮುಚ್ಚಿ ಆಡುವ ಉಪಾಯ ಹೇಳುತ್ತಿದ್ದರು. ಈಗ ಅದು ಬೇಡ.

ಈಗಿನ ಮದ್ದು ರ್‍ಯಾಪರ್. ಆಟ ವಿಂಡೋಸ್‌ಗೆ ಚಿತ್ರ ಬರೆಯಲು ಕರೆಯುವುದು ಡೈರೆಕ್ಟ್‌ಡ್ರಾ ಎಂಬ ಡಿಎಲ್‌ಎಲ್ ಫೈಲನ್ನು. ಅದೇ ಹೆಸರಿನ ಫೈಲ್ ಆಟದ ಫೋಲ್ಡರಿನಲ್ಲೇ ಇದ್ದರೆ ಆಟ ಮೊದಲು ಅದನ್ನು ಎತ್ತಿಕೊಳ್ಳುತ್ತದೆ, ವಿಂಡೋಸ್‌ನದನ್ನು ಕೇಳುವುದಿಲ್ಲ. ನಾವು ಇಡುವ ಫೈಲ್ ಆ ಹಳೆಯ ಮಾತನ್ನು ಇಂದಿನ ಗ್ರಾಫಿಕ್ಸ್ ಕಾರ್ಡಿಗೆ ಅರ್ಥವಾಗುವ ಹಾಗೆ ಹೇಳುತ್ತದೆ. ಎರಡು ಆಯಾಮದ ಆಟಗಳಿಗೆ ಸಿಎನ್‌ಸಿ-ಡಿಡ್ರಾ ಎಂಬುದು ಒಳ್ಳೆಯದು. ಹೀಗೆ ಮಾಡಿ:

1. ಮುಂಚೆ ಹಾಕಿದ ಕಂಪ್ಯಾಟಿಬಿಲಿಟಿ ಗುರುತುಗಳನ್ನೆಲ್ಲ ತೆಗೆಯಿರಿ. ವಿಂಡೋಸ್ 95 ಮೋಡ್, 256 ಬಣ್ಣ, 640×480, ಎಲ್ಲವೂ. ಇವು ಉಳಿದರೆ ವಿಂಡೋಸ್ ತನ್ನದೇ ಹಳೆಯ ಡೈರೆಕ್ಟ್‌ಡ್ರಾವನ್ನು ನಡುವೆ ತೂರಿಸುತ್ತದೆ.

2. ಸಿಎನ್‌ಸಿ-ಡಿಡ್ರಾದ ಜಿಪ್ ಬಿಚ್ಚಿ, ಒಳಗಿನ ಎಲ್ಲ ಫೈಲುಗಳನ್ನೂ ಆಟದ ಮುಖ್ಯ ಇಎಕ್ಸ್‌ಇ ಇರುವ ಫೋಲ್ಡರಿಗೇ ಹಾಕಿ. ಏಜ್ ಆಫ್ ಎಂಪೈರ್ಸ್ 2ರ ಕಾಂಕರರ್ಸ್ ವಿಸ್ತರಣೆಯ ಇಎಕ್ಸ್‌ಇ ಇರುವುದು ಒಳಗಿನ ಉಪಫೋಲ್ಡರಿನಲ್ಲಿ. ಹೊರಗೆ ಇಟ್ಟು "ಏನೂ ಆಗಲಿಲ್ಲ" ಅನ್ನುವವರೇ ಹೆಚ್ಚು.

3. ಜೊತೆಗೆ ಬರುವ ಕಾನ್ಫಿಗ್ ಪ್ರೋಗ್ರಾಂ ತೆರೆದು, ಪರದೆ ತುಂಬುವ ಬಾರ್ಡರ್‌ಲೆಸ್ ಮೋಡ್ ಆರಿಸಿ, ಉದ್ದ ಅಗಲದ ಪ್ರಮಾಣ ಕಾಯುವ ಆಯ್ಕೆಗೆ ಗುರುತು ಹಾಕಿ. ಇಲ್ಲದಿದ್ದರೆ ಕುದುರೆ ಸವಾರ ದಪ್ಪಗೆ ಕಾಣಿಸುತ್ತಾನೆ.

4. ಒಮ್ಮೆ ಓಡಿಸಿ. ಬಣ್ಣ ಸರಿಯಾದರೆ ಅಲ್ಲಿಗೇ ನಿಲ್ಲಿ.

ಅಕ್ಷರ ಮಸುಕಾಗಿ ಕಾಣುವುದು ಲೆಕ್ಕದ ವಿಷಯ. 1920×1080 ಪರದೆಯಲ್ಲಿ 640×480ರ ಆಟವನ್ನು ಪೂರ್ತಿ ಎಳೆದರೆ 2.25 ಪಟ್ಟು ಆಗುತ್ತದೆ, ಒಂದು ಚುಕ್ಕೆ ಎರಡೂಕಾಲು ಚುಕ್ಕೆಗೆ ಹಂಚಿಕೊಂಡು ಅಂಚು ಕರಗುತ್ತದೆ. ಸರಿಯಾಗಿ ಎರಡು ಪಟ್ಟು, ಅಂದರೆ 1280×960 ಮಾಡಿ ಸುತ್ತ ಕಪ್ಪು ಪಟ್ಟಿ ಬಿಟ್ಟರೆ ಗರಿಗರಿ. ಹಳೆಯ 1366×768 ಲ್ಯಾಪ್‌ಟಾಪ್ ಇದ್ದವರು ಅದೃಷ್ಟವಂತರು: 1024×768ರಲ್ಲಿ ಆಡಿದರೆ ಎತ್ತರ ಕರಾರುವಾಕ್ಕಾಗಿ ಕೂರುತ್ತದೆ, ಎರಡು ಬದಿಗೆ 171 ಚುಕ್ಕೆಯಷ್ಟು ಕಪ್ಪು, ಅಷ್ಟೇ. ಈ ಆಟಗಳಿಗಾಗಿಯೇ ಅಂಥ ಲ್ಯಾಪ್‌ಟಾಪ್ ಒಂದನ್ನು ಮಾರದೆ ಇಟ್ಟುಕೊಳ್ಳುವುದು ಬುದ್ಧಿವಂತಿಕೆ.

144 ಹರ್ಟ್ಸ್‌ನ ಪರದೆಯಲ್ಲಿ ನಕ್ಷೆ ಸರ್ರನೆ ಓಡಿಹೋಗುತ್ತಿದ್ದರೆ, ಕೆಲವು ಆಟಗಳಲ್ಲಿ ನಕ್ಷೆ ಸರಿಯುವ ವೇಗವನ್ನು ಫ್ರೇಮಿನ ಲೆಕ್ಕದಲ್ಲಿ ಕಟ್ಟಿದ್ದೇ ಕಾರಣ. ಸಿಎನ್‌ಸಿ-ಡಿಡ್ರಾದ ಸೆಟ್ಟಿಂಗ್ ಫೈಲಿನಲ್ಲಿ ಮ್ಯಾಕ್ಸ್ ಗೇಮ್ ಟಿಕ್ಸ್ ಎಂಬ ಸಾಲಿಗೆ 60 ಕೊಡಿ. ಇನ್ನೂ ಜಾಸ್ತಿ ಅನಿಸಿದರೆ 30ರವರೆಗೆ ಇಳಿಸುತ್ತಾ ಹೋಗಿ.

1999ರ ಹೋಮ್‌ವರ್ಲ್ಡ್‌ನಂಥ ಮೂರು ಆಯಾಮದ ಆಟಗಳಿಗೆ ಸಿಎನ್‌ಸಿ-ಡಿಡ್ರಾ ಅಲ್ಲ, ಡಿಜಿವೂಡೂ 2 ಹಾಕಿ. ಅದರ ಜಿಪ್ಪಿನಲ್ಲಿ ಎಕ್ಸ್86, ಎಕ್ಸ್64 ಎಂಬ ಹೆಸರಿನ ಫೋಲ್ಡರ್‌ಗಳು ಇರುತ್ತವೆ. ನಿಮ್ಮ ವಿಂಡೋಸ್ 64 ಬಿಟ್ ಆದರೂ ಆಟ 32 ಬಿಟ್, ಆದ್ದರಿಂದ ಎಕ್ಸ್86ನದೇ ಬೇಕು.

2000ದ ರೆಡ್ ಅಲರ್ಟ್ 2ಕ್ಕೆ ಪರದೆಯ ಅಳತೆ ಬದಲಿಸಲು ಪ್ಯಾಚ್ ಬೇಡ. ಆಟದ ಫೋಲ್ಡರಿನ ಆರ್‌ಎ2 ಐಎನ್‌ಐ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ವಿಡಿಯೋ ಭಾಗದಲ್ಲಿ ಸ್ಕ್ರೀನ್‌ವಿಡ್ತ್, ಸ್ಕ್ರೀನ್‌ಹೈಟ್ ಎಂಬ ಎರಡು ಸಾಲಿಗೆ ಬೇಕಾದ ಅಂಕಿ ಬರೆಯಿರಿ. ಯೂರೀಸ್ ರಿವೆಂಜ್‌ಗೆ ಹೆಸರಿನ ಕೊನೆಗೆ ಎಂ, ಡಿ ಸೇರಿದ ಬೇರೆ ಐಎನ್‌ಐ ಇದೆ. ಮೆನು ಬಂದ ಮೇಲೆ ಕಪ್ಪು ಪರದೆ ನಿಂತರೆ ಅದೇ ಭಾಗಕ್ಕೆ ವಿಡಿಯೋಬ್ಯಾಕ್‌ಬಫರ್ ಎಂಬ ಸಾಲು ಸೇರಿಸಿ, ಅದಕ್ಕೆ ನೋ ಎಂದು ಕೊಡಿ.

ಡಾಸ್ ಕಾಲದವು

1992ರ ಡ್ಯೂನ್ 2, 1994ರ ಯುಎಫ್‌ಒ, ವಾರ್‌ಕ್ರಾಫ್ಟ್ ಮೊದಲೆರಡು ವಿಂಡೋಸ್‌ಗೂ ಹಿಂದಿನ ಡಾಸ್‌ನವು. ಇವಕ್ಕೆ ಹಳೆಯ ಡಾಸ್ ಕಂಪ್ಯೂಟರನ್ನು ಅನುಕರಿಸುವ ಡಾಸ್‌ಬಾಕ್ಸ್ ಅಥವಾ ಅದರಿಂದ ಬೆಳೆದ ಡಾಸ್‌ಬಾಕ್ಸ್ ಸ್ಟೇಜಿಂಗ್ ಬೇಕು. ಆಟದ ಫೋಲ್ಡರನ್ನು ಮೌಂಟ್ ಆಜ್ಞೆಯಿಂದ ಸಿ ಡ್ರೈವ್ ಆಗಿ, ಸಿಡಿಯ ಪ್ರತಿಯನ್ನು ಇಮ್‌ಗ್‌ಮೌಂಟ್ ಆಜ್ಞೆಯಿಂದ ಡಿ ಡ್ರೈವ್ ಆಗಿ ಕೂಡಿಸಿ. ಎರಡನೆಯದಕ್ಕೆ ಬಿನ್ ಅಲ್ಲ, ಕ್ಯೂ ಫೈಲಿನ ಹೆಸರು ಕೊಡಬೇಕು. ಹಾಡು ಬರುವುದು ಆಗಲೇ. ಆಟದ ಧ್ವನಿ ಸೆಟಪ್ ಕೇಳಿದರೆ ಸೌಂಡ್ ಬ್ಲಾಸ್ಟರ್ 16 ಆರಿಸಿ, ಪೋರ್ಟ್ 220, ಐಆರ್‌ಕ್ಯೂ 7, ಡಿಎಂಎ 1 ಕೊಡಿ.

ವೇಗದ ಗುಟ್ಟು ಸೈಕಲ್ಸ್ ಎಂಬ ಅಂಕಿಯಲ್ಲಿ. ಆ ಕಾಲದ ಕೆಲವು ಆಟಗಳಿಗೆ ಗಡಿಯಾರವೇ ಇಲ್ಲ, ಪ್ರೊಸೆಸರ್ ಎಷ್ಟು ಬೇಗ ಓಡಿತೋ ಆಟವೂ ಅಷ್ಟು ಬೇಗ. 3000ದಿಂದ ಶುರುಮಾಡಿ, ಕಂಟ್ರೋಲ್ ಮತ್ತು ಎಫ್12 ಒತ್ತಿ ಏರಿಸಿ, ಕಂಟ್ರೋಲ್ ಮತ್ತು ಎಫ್11 ಒತ್ತಿ ಇಳಿಸಿ. ಡ್ಯೂನ್ 2ಕ್ಕೆ 8000 ಆಸುಪಾಸು ಹಿತವಾಗಿರುತ್ತದೆ. 486 ಕಾಲದ ಆಟಗಳಿಗೆ 25000ದ ಹತ್ತಿರ. ಮಾತು ಕತ್ತರಿಸಿದ ಹಾಗೆ ಕೇಳಿದರೆ ಅಂಕಿ ಜಾಸ್ತಿಯಾಯಿತು, ಲ್ಯಾಪ್‌ಟಾಪಿಗೆ ಹೊರಲಾಗುತ್ತಿಲ್ಲ ಎಂದರ್ಥ. ಮೌಸ್ ಒಳಗೆ ಸಿಕ್ಕಿಕೊಂಡರೆ ಕಂಟ್ರೋಲ್ ಮತ್ತು ಎಫ್10.

ಎಂಜಿನ್ನನ್ನೇ ಬದಲಿಸುವುದು

ಕೆಲವು ಆಟಗಳಿಗೆ ಇಷ್ಟೆಲ್ಲ ತಾಪತ್ರಯವೇ ಬೇಡ. ಅಭಿಮಾನಿಗಳು ಆಟದ ಎಂಜಿನ್ ಹೊಸದಾಗಿ ಬರೆದಿದ್ದಾರೆ. ಚಿತ್ರ, ಧ್ವನಿ, ನಕ್ಷೆಗಳನ್ನು ಮಾತ್ರ ನಿಮ್ಮ ಹಳೆಯ ಪ್ರತಿಯಿಂದ ಎತ್ತಿಕೊಳ್ಳುತ್ತದೆ. ಹಳೆಯ ಕಂಬಳಿಗೆ ಹೊಸ ತೇಪೆ ಹಾಕುತ್ತಾ ಕೂರುವುದಕ್ಕಿಂತ ಇದು ಎಷ್ಟೋ ಮೇಲು, ಮತ್ತು ಇದರಲ್ಲಿ ಹಲವಕ್ಕೆ ಆ್ಯಂಡ್ರಾಯ್ಡ್ ಆವೃತ್ತಿಯೂ ಇದೆ.

ಸೀಸರ್ 3ಕ್ಕೆ ಜೂಲಿಯಸ್ ಮತ್ತು ಅಗಸ್ಟಸ್. ಜೂಲಿಯಸ್ ಮೂಲ ಆಟದ ನಿಯಮವನ್ನು ಚಾಚೂ ತಪ್ಪದೆ ಇಟ್ಟು ಪರದೆಯನ್ನು ದೊಡ್ಡದು ಮಾಡುತ್ತದೆ. ಅಗಸ್ಟಸ್ ರಸ್ತೆ ತಡೆಯಂಥ ಹೊಸ ಸೌಕರ್ಯ ಸೇರಿಸುತ್ತದೆ. ಸಂತೆ ಸಾಮಾನಿನ ಹೆಂಗಸು ನಗರದ ಹೊರಗೆ ಎಲ್ಲೋ ಅಲೆದಾಡಲು ಹೋಗಿ ಮನೆಗಳು ಕುಸಿದ ನೋವು ಅನುಭವಿಸಿದವರಿಗೆ ಅದೊಂದೇ ಸಾಕು. ಆದರೆ ಅಗಸ್ಟಸ್‌ನಲ್ಲಿ ಸೇವ್ ಮಾಡಿದ ಆಟ ಮೂಲ ಸೀಸರ್ 3ರಲ್ಲಿ ತೆರೆಯುವುದಿಲ್ಲ.

ಹೀರೋಸ್ 3ಕ್ಕೆ ವಿಸಿಎಂಐ. ಇಲ್ಲಿ ಎಚ್ಚರ: 2015ರಲ್ಲಿ ಬಂದ ಎಚ್‌ಡಿ ಆವೃತ್ತಿ ಕೊಂಡರೆ ಕೆಲಸಕ್ಕೆ ಬರುವುದಿಲ್ಲ, ಅದರಲ್ಲಿ ವಿಸ್ತರಣೆಗಳೇ ಇಲ್ಲ. ಕಂಪ್ಲೀಟ್ ಎಂಬ ಹೆಸರಿನದೇ ಬೇಕು. ಯುಎಫ್‌ಒಗೆ ಓಪನ್‌ಎಕ್ಸ್‌ಕಾಮ್, ಹೀರೋಸ್ 2ಕ್ಕೆ ಎಫ್‌ಹೀರೋಸ್2, 1995ರ ಟ್ರಾನ್ಸ್‌ಪೋರ್ಟ್ ಟೈಕೂನ್ ಡಿಲಕ್ಸ್‌ಗೆ ಓಪನ್‌ಟಿಟಿಡಿ. ಕೊನೆಯದಕ್ಕೆ ಉಚಿತ ಚಿತ್ರ, ಧ್ವನಿ, ಸಂಗೀತದ ಕಟ್ಟುಗಳೂ ಇರುವುದರಿಂದ ಮೂಲ ಡಿಸ್ಕ್ ಇಲ್ಲದೆಯೂ ಆಡಬಹುದು, ಹತ್ತು ವರ್ಷದ ಹಿಂದಿನ ಲ್ಯಾಪ್‌ಟಾಪಿನಲ್ಲೂ ಹೂವಿನ ಹಾಗೆ ಓಡುತ್ತದೆ.

ಕಮಾಂಡ್ ಆ್ಯಂಡ್ ಕಾಂಕರ್ ಸಾಲಿನ ಮೊದಲ ಆಟವನ್ನು 2007ರಲ್ಲಿ, ರೆಡ್ ಅಲರ್ಟ್ ಅನ್ನು 2008ರಲ್ಲಿ, ಟೈಬೀರಿಯನ್ ಸನ್ ಅನ್ನು 2010ರಲ್ಲಿ ಇಎ ಸಂಸ್ಥೆಯೇ ಉಚಿತ ಮಾಡಿತು. ಇವುಗಳ ಹೊಸ ಎಂಜಿನ್ ಓಪನ್‌ಆರ್‌ಎ ಮೊದಲ ಸಲ ತೆರೆದಾಗ ಬೇಕಾದ ಫೈಲುಗಳನ್ನು ತಾನೇ ಇಳಿಸಿಕೊಳ್ಳುತ್ತದೆ. ಅದರಲ್ಲಿ ಸೈನ್ಯದ ಬಲಾಬಲ ತಿದ್ದಿದ್ದಾರೆ, ಮೂಲದ ರುಚಿಯೇ ಬೇಕೆಂದರೆ ಅಭಿಮಾನಿಗಳ ತಾಣ ಸಿಎನ್‌ಸಿನೆಟ್ ಕೊಡುವ ಆವೃತ್ತಿ ಹಾಕಿ.

ಇಳಿಸಿಕೊಳ್ಳುವ ವಿಷಯದಲ್ಲಿ ಒಳಹಳ್ಳಿಯವರಿಗೆ ಒಂದು ಮಾತು. ಜೋಯಿಡಾ, ಸಿದ್ದಾಪುರದ ಕಾಡುಮೂಲೆಯಲ್ಲಿ ನೆಟ್‌ವರ್ಕ್ ಗುಡ್ಡ ಹತ್ತಿದರೆ ಮಾತ್ರ ಸಿಗುವ ಮನೆಗಳಿವೆ. ಜಿಒಜಿ ಪ್ರತಿ ಆಟಕ್ಕೂ ಆಫ್‌ಲೈನ್ ಇನ್‌ಸ್ಟಾಲರ್ ಕೊಡುತ್ತದೆ. ಶಿರಸಿ ಪೇಟೆಗೋ ಕಾರವಾರಕ್ಕೋ ಬಂದಾಗ ಇಳಿಸಿ ಪೆನ್‌ಡ್ರೈವಿನಲ್ಲಿ ಒಯ್ಯಬಹುದು. ಪೆನ್‌ಡ್ರೈವ್ ಫ್ಯಾಟ್32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಒಂದೇ ಫೈಲ್ ಹಿಡಿಯುವುದಿಲ್ಲ, ಮೊದಲೇ ಎಕ್ಸ್‌ಫ್ಯಾಟ್ ಮಾಡಿಕೊಂಡು ಹೋಗಿ. 2019ರ ಏಜ್ ಆಫ್ ಎಂಪೈರ್ಸ್ 2 ಡೆಫಿನಿಟಿವ್ ಆವೃತ್ತಿ ಚೆಂದದ್ದೇ, ಆದರೆ ಹತ್ತಾರು ಜಿಬಿ ಜಾಗ ಬೇಕು, ಅಪ್‌ಡೇಟ್ ಬರುತ್ತಲೇ ಇರುತ್ತದೆ. ಮೊಬೈಲ್ ಡೇಟಾ ನಂಬಿದವರಿಗೆ ಅದು ಹೇಳಿಮಾಡಿಸಿದ್ದಲ್ಲ.

ಚೌತಿಗೆ ನಾಲ್ವರು ಸೇರಿದಾಗ

ಬೆಂಗಳೂರು, ಪುಣೆ, ಗೋವಾದಲ್ಲಿರುವ ಅಣ್ಣತಮ್ಮಂದಿರು ಗಣಪತಿ ಹಬ್ಬಕ್ಕೆ ಊರಿಗೆ ಬಂದು ಒಂದೇ ಜಗುಲಿಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿದರೆ, ಮೂಲ ಏಜ್ ಆಫ್ ಎಂಪೈರ್ಸ್ 2 ಆಡಲು ಇಂಟರ್‌ನೆಟ್ ಬೇಡವೇ ಬೇಡ. ಒಬ್ಬರ ಮೊಬೈಲ್ ಹಾಟ್‌ಸ್ಪಾಟ್ ಸಾಕು. ಆಟದ ಮಾತುಕತೆ ಜಗುಲಿಯೊಳಗೇ ತಿರುಗುತ್ತದೆ, ಡೇಟಾ ಖರ್ಚಾಗುವುದಿಲ್ಲ. ಡೇಟಾ ತಿನ್ನುವುದು ಹಿಂದೆ ನಡೆಯುವ ವಿಂಡೋಸ್ ಅಪ್‌ಡೇಟ್. ಎಲ್ಲರೂ ಆ ವೈಫೈಯನ್ನು ಮೀಟರ್ಡ್ (ಡೇಟಾ ಮಿತಿ ಇರುವುದು) ಎಂದು ಗುರುತು ಮಾಡಿಕೊಳ್ಳಿ.

ಮೊದಲು ಎಲ್ಲರ ಆಟ ಒಂದೇ ಆವೃತ್ತಿಯದೇ ನೋಡಿ. ಕಾಂಕರರ್ಸ್ ಆದರೆ ಎಲ್ಲರದ್ದೂ 1.0ಸಿ. ಆಮೇಲೆ ಕಂಟ್ರೋಲ್ ಪ್ಯಾನೆಲ್‌ನ ಪ್ರೋಗ್ರಾಮ್ಸ್ ಒಳಗೆ ವಿಂಡೋಸ್ ಫೀಚರ್ಸ್ ತೆರೆದು, ಲೆಗಸಿ ಕಾಂಪೊನೆಂಟ್ಸ್ ಬಿಚ್ಚಿ, ಹಳೆಯ ಆಟಗಳು ಪರಸ್ಪರ ಮಾತಾಡಲು ಬಳಸುವ ಡೈರೆಕ್ಟ್‌ಪ್ಲೇಗೆ ಗುರುತು ಹಾಕಿ. ಇದಕ್ಕೆ ಇಂಟರ್‌ನೆಟ್ ಕೇಳಬಹುದು, ಹಬ್ಬಕ್ಕೆ ಮುಂಚೆಯೇ ಮುಗಿಸಿ. ವೈಫೈಯನ್ನು ಪಬ್ಲಿಕ್ ಬದಲು ಪ್ರೈವೇಟ್ ಮಾಡಿ.

ಒಬ್ಬರು ಆಟ ತೆರೆದರೂ ಉಳಿದವರ ಪಟ್ಟಿಯಲ್ಲಿ ಕಾಣದಿದ್ದರೆ ಫೈರ್‌ವಾಲನ್ನು (ಹೊರಗಿನ ಸಂಪರ್ಕ ತಡೆಯುವ ವಿಂಡೋಸ್‌ನ ಕಾವಲು) ಒಂದು ನಿಮಿಷ ಆಫ್ ಮಾಡಿ ನೋಡಿ. ಆಗ ಕಂಡರೆ ಕಾರಣ ಗೊತ್ತಾಯಿತು: ಫೈರ್‌ವಾಲ್ ಮತ್ತೆ ಹಚ್ಚಿ, ಆಟದ ಇಎಕ್ಸ್‌ಇಗೂ 47624 ಹಾಗೂ 2300ರಿಂದ 2400ರವರೆಗಿನ ಪೋರ್ಟುಗಳಿಗೂ ಅನುಮತಿ ಕೊಡಿ. ಆಗಲೂ ಕಾಣದಿದ್ದರೆ ಇನ್ನೆರಡು ಸಾಧ್ಯತೆ. ಮನೆಯ ರೌಟರಿನ ಗೆಸ್ಟ್ ವೈಫೈಯಲ್ಲಿ ಇದ್ದೀರಿ. ಅದು ಒಂದು ಯಂತ್ರ ಇನ್ನೊಂದನ್ನು ನೋಡದ ಹಾಗೆ ಗೋಡೆ ಕಟ್ಟುತ್ತದೆ. ಅಥವಾ ನಿಮ್ಮ ಲ್ಯಾಪ್‌ಟಾಪಿನಲ್ಲಿ ವರ್ಚುವಲ್‌ಬಾಕ್ಸ್, ವಿಪಿಎನ್ ಹಾಕಿದ ಹೆಚ್ಚುವರಿ ನೆಟ್‌ವರ್ಕ್ ಅಡಾಪ್ಟರ್ ಇದೆ. ಹಳೆಯ ಆಟ ಅವುಗಳಲ್ಲಿ ಒಂದನ್ನು ಹಿಡಿದು ಖಾಲಿ ಬೀದಿಯಲ್ಲಿ ಕೂಗುತ್ತಿದೆ. ನೆಟ್‌ವರ್ಕ್ ಕನೆಕ್ಷನ್ಸ್‌ಗೆ ಹೋಗಿ ವೈಫೈ ಒಂದನ್ನು ಬಿಟ್ಟು ಉಳಿದವನ್ನು ಆಟ ಮುಗಿಯುವವರೆಗೆ ಡಿಸೇಬಲ್ ಮಾಡಿ.

ರೆಡ್ ಅಲರ್ಟ್ ಕಾಲದ ಆಟಗಳು ಐಪಿಎಕ್ಸ್ ಎಂಬ ಹಳೆಯ ಭಾಷೆಯಲ್ಲಿ ಮಾತಾಡುತ್ತಿದ್ದವು. ವಿಸ್ಟಾದಿಂದ ಈಚೆಗೆ ವಿಂಡೋಸ್ ಅದನ್ನು ಕೈಬಿಟ್ಟಿದೆ. ಐಪಿಎಕ್ಸ್‌ರ್‍ಯಾಪರ್‌ನ ಫೈಲುಗಳನ್ನು ಎಲ್ಲರ ಆಟದ ಫೋಲ್ಡರಿಗೂ ಹಾಕಿದರೆ ಅದು ಆ ಮಾತನ್ನು ಇಂದಿನ ನೆಟ್‌ವರ್ಕ್ ಭಾಷೆಯಾದ ಯುಡಿಪಿಗೆ ತಿರುಗಿಸುತ್ತದೆ. ಡಾಸ್‌ಬಾಕ್ಸ್‌ನಲ್ಲಿ ಆದರೆ ಸೆಟ್ಟಿಂಗ್ ಫೈಲಿನಲ್ಲಿ ಐಪಿಎಕ್ಸ್ ಸಾಲಿಗೆ ಟ್ರೂ ಕೊಟ್ಟು, ಒಬ್ಬರು ಐಪಿಎಕ್ಸ್‌ನೆಟ್ ಸ್ಟಾರ್ಟ್‌ಸರ್ವರ್, ಉಳಿದವರು ಐಪಿಎಕ್ಸ್‌ನೆಟ್ ಕನೆಕ್ಟ್ ಎಂದು ಬರೆದು ಮುಂದೆ ಮೊದಲಿನವರ ಐಪಿ ವಿಳಾಸ ಹಾಕಬೇಕು. ಪೋರ್ಟ್ ಹೇಳದಿದ್ದರೆ 213.

ಹಬ್ಬ ಮುಗಿಸಿ ಎಲ್ಲರೂ ಊರು ಬಿಟ್ಟ ಮೇಲೆ ದೂರದಿಂದ ಆಡುವುದಾದರೆ ರೌಟರಿನಲ್ಲಿ ಪೋರ್ಟ್ ತೆರೆಯುವ ಹಳೆಯ ಉಪಾಯ ಹೆಚ್ಚಾಗಿ ಫಲಿಸುವುದಿಲ್ಲ. ಮೊಬೈಲ್ ಡೇಟಾದಲ್ಲಿ, ಹಲವು ಬ್ರಾಡ್‌ಬ್ಯಾಂಡ್‌ಗಳಲ್ಲಿ ನೂರಾರು ಮನೆಗಳಿಗೆ ಒಂದೇ ಹೊರಗಿನ ವಿಳಾಸ ಹಂಚಿರುತ್ತಾರೆ. ಝೀರೋಟಿಯರ್ ಅಥವಾ ರಾಡ್ಮಿನ್ ವಿಪಿಎನ್ ಹಾಕಿ ಎಲ್ಲರೂ ಒಂದೇ ನೆಟ್‌ವರ್ಕಿಗೆ ಸೇರಿ. ಆಟಕ್ಕೆ ಅದು ಜಗುಲಿಯ ಹಾಗೆಯೇ ಕಾಣುತ್ತದೆ. ಆಗ ಮಾತ್ರ ಆ ವಿಪಿಎನ್ ಅಡಾಪ್ಟರಿನ ಮೆಟ್ರಿಕ್ ಅಂಕಿಯನ್ನು 1ಕ್ಕೆ ಇಳಿಸಿ, ಆಟ ಮೊದಲು ಅದನ್ನೇ ಹಿಡಿಯಲಿ.

ನಡುವೆ ಆಟ "ಔಟ್ ಆಫ್ ಸಿಂಕ್" (ತಾಳ ತಪ್ಪಿತು) ಎಂದು ನಿಂತರೆ ನೆಟ್‌ವರ್ಕನ್ನು ಬೈಯಬೇಡಿ. ಈ ಆಟಗಳು ಸೈನಿಕರ ಚಲನೆಯನ್ನು ಕಳಿಸುವುದಿಲ್ಲ, ನಿಮ್ಮ ಆಜ್ಞೆಗಳನ್ನು ಮಾತ್ರ ಕಳಿಸುತ್ತವೆ. ಪ್ರತಿ ಕಂಪ್ಯೂಟರೂ ಅದೇ ಯುದ್ಧವನ್ನು ತಾನೇ ಲೆಕ್ಕ ಹಾಕುತ್ತದೆ. ಒಬ್ಬರಲ್ಲಿ ಒಂದು ಮಾಡ್ (ಆಟಕ್ಕೆ ಅಭಿಮಾನಿಗಳು ಮಾಡಿದ ಬದಲಾವಣೆ) ಜಾಸ್ತಿ ಇದ್ದರೂ, ಒಂದು ಡೇಟಾ ಫೈಲ್ ಬೇರೆ ಇದ್ದರೂ ಲೆಕ್ಕ ತಪ್ಪುತ್ತದೆ. ಒಬ್ಬರ ಆಟದ ಫೋಲ್ಡರನ್ನೇ ಪೂರ್ತಿ ಪೆನ್‌ಡ್ರೈವಿನಲ್ಲಿ ಉಳಿದವರಿಗೆ ಕಾಪಿ ಮಾಡಿ, ಅವರವರ ಸೇವ್ ಫೋಲ್ಡರನ್ನು ಮುಂಚೆ ಬದಿಗೆ ಎತ್ತಿಟ್ಟು.